ಹಿಂದಿನ ಭಾರ

ಯಂಕಂಚಿಯ ಏರು ಮುಗಿದರೂ ಪ್ರಜ್ಞಾಳಿಗೆ ಏದುಸಿರು ಬಂದಿರಲಿಲ್ಲ. ಅದು ಗೊತ್ತಾದೊಡನೆ ಅವಳು ಹೆದರಿ ಸೈಕಲ್ ನಿಲ್ಲಿಸಿದಳು. ಅಕ್ಕ ಕೋಮಲ ಡೆಂಗಿ ಜ್ವರದಿಂದ ತೀರಿಕೊಂಡ ಮೇಲೆ ಸಿಂದಗಿಯ ಕಾಲೇಜಿನಿಂದ ಅವಳು ಒಬ್ಬಳೇ ಮರಳುತ್ತಿದ್ದದ್ದು ಅಂದೇ ಮೊದಲು.

ಕೋಮಲಳದು ದಪ್ಪ ಮೈ, ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಪ್ರಜ್ಞಾ ದಿನವೂ ಬೈಯುತ್ತಲೇ ಈ ಏರು ತುಳಿಯುತ್ತಿದ್ದಳು. ಬೆಳಿಗ್ಗೆ ರೂಢಿಯಂತೆ ಇಬ್ಬರ ಭಾರಕ್ಕೆ ಬೇಕಾಗುವಷ್ಟು ಗಾಳಿ ಹಾಕಿದ್ದಳು. ಹಾಗಾಗಿ ಹಿಂದಿನ ಗಾಲಿ ಸಣ್ಣ ಕಲ್ಲಿಗೂ ಪುಟಿದು, ಖಾಲಿ ಕ್ಯಾರಿಯರ್ ದಾರಿಯುದ್ದಕ್ಕೂ ಗಡಗಡ ಅಂದಿತ್ತು.

ಅವಳು ಮನೆಯ ಕಡೆ ಹೋಗಲಿಲ್ಲ. ಸೈಕಲ್ ತಿರುಗಿಸಿ ಮತ್ತೆ ಕೆಳಗಿಳಿದಳು. ಅಲ್ಲಿ ಅವರದೇ ಓಣಿಯ ಮುದುಕಿ ಶೆಟ್ಟೆವ್ವ ಗಿರಣಿಯಿಂದ ಜೋಳದ ಹಿಟ್ಟಿನ ಚೀಲ ಹೊತ್ತು ಬರುತ್ತಿದ್ದಳು.

"ಆಯಿ, ಚೀಲ ಹಿಂದ ಇಡ್ರಿ, ನಾ ಒಯ್ತೇನಿ."

"ಭಾಳ ವಜ್ಜಿ ಐತವ್ವಾ. ಏರ ಹತ್ತೂದಿಲ್ಲ ನಿನಗ."

"ಇರ್ಲಿ ಇಡ್ರಿ. ವಜ್ಜಿನೇ ಬೇಕು ನನಗ."

ಚೀಲ ಕಟ್ಟಿದಾಗ ಹಿಂದಿನ ಗಾಲಿ ಒತ್ತಿಕೊಂಡಿತು. ಅರ್ಧ ಏರಿಗೇ ಪ್ರಜ್ಞಾಳ ತೊಡೆಗಳು ಸೆಳೆದವು, ಹ್ಯಾಂಡಲ್ ಹೊಯ್ದಾಡಿತು.

"ಅಳ್ಳಾಡಬ್ಯಾಡ, ಸುಮ್ನ ಕುಂಡ್ರು," ಎಂದಳು.

ಹಿಂದೆ ನಡೆದು ಬರುತ್ತಿದ್ದ ಶೆಟ್ಟೆವ್ವ ನಿಂತುಬಿಟ್ಟಳು. "ಯಾರಿಗಂದೆವ್ವಾ?"

ತಿರುಗಿದರೆ ಚೀಲವಷ್ಟೇ ಕಾಣುತ್ತದೆಂದು ಪ್ರಜ್ಞಾಳಿಗೆ ಗೊತ್ತಿತ್ತು. ಅವಳು ತಿರುಗಲಿಲ್ಲ.