ಕುನೂತ್ ಮತ್ತು ಕೊನೆಯ ಒಬ್ಬೆ ಬನ್ನು

ಬೇಕರಿಯ ಹಿರಿಯ ಸೊಸೆ ಈ ಕಥೆಯನ್ನು ಮೊದಲು ಹೇಳಿದ್ದು ನೆರೆ ಬಂದುಹೋದ ಮರುವರ್ಷ, ಅಂಗಡಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು. ಮುಂದೆ, ನೆರೆಯಲ್ಲಿ ಬನ್ನು ಸಾಗಿಸಿದ ದೋಣಿಯವನಿಂದಲೂ ಕೇಳಿದೆ. ಅವನ ಕಥೆಯಲ್ಲಿ ಬನ್ನುಗಳೆಲ್ಲ ಇದ್ದಿಲಾಗುತ್ತವೆ. ಸೊಸೆಯ ಕಥೆಯಲ್ಲಿ ತಳ ಮಾತ್ರ ಕಪ್ಪಾಗುತ್ತದೆ. ಬನ್ನು ಕೈಯಲ್ಲಿ ಹಿಡಿದು ನೋಡಿದವರು ಅವರಾದ್ದರಿಂದ ಅವರ ಮಾತನ್ನೇ ನಂಬಿದ್ದೇನೆ.

ಹೊಳೆಯಾಚೆಯ ಓಣಿಗಳು ಮುಳುಗಿ, ಜನ ಹಸಿದುಕೊಂಡು ಮಾಳಿಗೆಗಳ ಮೇಲೆ ಕುಳಿತಿದ್ದರು. ಈಚೆ ದಡದ ಮಸೀದಿಯ ಎಳೆಯ ಇಮಾಮರು ಸಂಜೆ ಎಲ್ಲರನ್ನೂ ಕೂರಿಸಿ ವಿವರಿಸಿದರು: ಇಂಥ ವಿಪತ್ತಿನಲ್ಲಿ ಮುಂಜಾನೆಯ ನಮಾಜಿಗೆ ಕುನೂತ್ ಎಂಬ ವಿಶೇಷ ಪ್ರಾರ್ಥನೆಯನ್ನು ಸೇರಿಸಬಹುದು, ಕೊನೆಯ ರಕಅತ್ತಿನಲ್ಲಿ, ಅಂದರೆ ನಮಾಜಿನ ಕೊನೆಯ ಸುತ್ತಿನಲ್ಲಿ, ಬಾಗಿ ಎದ್ದು ನಿಂತ ಮೇಲೆ ಇಮಾಮರು ಬೇಡಬೇಕು, ಹಿಂದಿನವರು ಆಮೀನ್ ಎನ್ನಬೇಕು, ಅದು ಚಿಕ್ಕದಾಗಿರಬೇಕು, ವಿಪತ್ತು ತೀರಿದೊಡನೆ ನಿಲ್ಲಬೇಕು.

"ಚಿಕ್ಕದು ಅಂದ್ರೆ ಎಷ್ಟು, ಉಸ್ತಾದ್?" ಮಸೀದಿಯ ಎದುರಿನ ಬೇಕರಿಯ ಕಾಕಾ, ಆ ಸೊಸೆಯ ಮಾವ, ಕೇಳಿದರು. "ಬೆಳಕು ಹರಿಯೋ ಹೊತ್ತಿಗೆ ಆಚೆಯವರಿಗೆ ಬನ್ನು ಒಯ್ಯೋ ದೋಣಿ ಹೊರಡುತ್ತೆ. ಕೊನೇ ಒಬ್ಬೆ ಬನ್ನು ಒಲೆಗಿಟ್ಟು ನಮಾಜಿಗೆ ಬರೋನು ನಾನು."

"ನೀರು ಕುಡಿದು ಲೋಟ ಕೆಳಗಿಡೋಷ್ಟು, ಕಾಕಾ. ಧೈರ್ಯವಾಗಿ ಇಟ್ಟು ಬನ್ನಿ."

ಕಾಕಾ ಇಟ್ಟು ಬಂದರು. ಸೊಸೆ ಮೊದಲ ಬುಟ್ಟಿ ಹೊತ್ತು ದೋಣಿಯ ಬಳಿ ಹೋಗಿದ್ದರು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಇತ್ತ ಬಾಗಿ ಎದ್ದ ಇಮಾಮರು ಲೋಟದ ಅಳತೆಯನ್ನೇ ಮರೆತರು. ಮುದುಕರಿಗಾಗಿ ಬೇಡಿದರು, ಬಾಣಂತಿಯರಿಗಾಗಿ ಬೇಡಿದರು, ಹಗ್ಗ ಬಿಚ್ಚದೆ ಉಳಿದ ದನಕರುಗಳಿಗಾಗಿ ಬೇಡಿದರು. ಸಾಲಿಗೆ ಸಾಲೇ ಅತ್ತಿತು. ಕಾಕಾ ಕೂಡ ಅತ್ತರು; ಆದರೆ ಅವರ ಮೂಗು ಕಿಟಕಿಯ ಗಾಳಿಯಲ್ಲಿ ಬೇರೇನನ್ನೋ ಹಿಡಿದಿತ್ತು. ಮೊದಲು ಹದವಾದ ಘಮ, ಆಮೇಲೆ ಹದ ಮೀರಿದ್ದು. ಅವರ ಆಮೀನ್ ಗಟ್ಟಿಯಾಗುತ್ತ, ಬೇಗಬೇಗ ಬರತೊಡಗಿತು. ಇಮಾಮರು ಹಸಿದವರಿಗೆ ಉಣಿಸು ಎಂದು ಬೇಡುವಲ್ಲಿಗೆ ಬಂದಾಗ, ಮಾತು ಮುಗಿಯುವ ಮೊದಲೇ ಆ ಆಮೀನ್ ಗೋಡೆಗೆ ಬಡಿಯಿತು. ಆಗ ವಾಸನೆ ಇಮಾಮರ ಮೂಗನ್ನೂ ತಲುಪಿತು. ಅಲ್ಲಿಗೇ ನಿಲ್ಲಿಸಿ ಅವರು ನೆಲಕ್ಕೆ ಹಣೆ ಹಚ್ಚಿದರು.

ನಮಾಜು ಮುಗಿದದ್ದೇ ತಡ, ಕಾಕಾ ಬರಿಗಾಲಲ್ಲಿ ಓಡಿದರು. ಸೊಸೆ ಮರಳಿ ಬಂದು ನೋಡಿದರೆ, ಇಮಾಮರು ಅಂಗಿಯ ತೋಳು ಮಡಚಿ ಮಾವನ ಪಕ್ಕದಲ್ಲಿ ಕುಳಿತು ಬನ್ನಿನ ತಳ ಕೆರೆಯುತ್ತಿದ್ದಾರೆ; ಗಡ್ಡದ ತುಂಬ ಕರಿ ಪುಡಿ.

"ನಮಾಜು ಬಿಟ್ಟು ಓಡಬಹುದಿತ್ತಲ್ಲ, ಕಾಕಾ. ಹೀಗೆ ಹಾಳಾಗೋದನ್ನ ಉಳಿಸೋಕೆ ಅನುಮತಿ ಇದೆ."

"ಅದನ್ನ ನಿನ್ನೆ ಹೇಳ್ಲಿಲ್ವಲ್ಲ, ಉಸ್ತಾದ್. ಚಾಕು ಸ್ವಲ್ಪ ಓರೆ ಹಿಡೀರಿ, ಬನ್ನು ಪುಡಿಯಾಗ್ತಿದೆ."

ದೋಣಿ ತುಸು ತಡವಾಗಿ, ಆದರೆ ತುಂಬಿಯೇ ಹೊರಟಿತು.

ಮರುದಿನ ಇಮಾಮರು ಸಾಲು ನೆಟ್ಟಗೆ ಮಾಡಿಸಿ, ಒತ್ತಾಗಿ ನಿಲ್ಲಲು ಹೇಳಿ, ಕಾಕಾನತ್ತ ತಿರುಗಿ ಮೆಲ್ಲಗೆ ಕೇಳಿದರು: "ಒಲೆಯಲ್ಲಿ ಏನಾದ್ರೂ ಇದೆಯಾ?" ನೀರು ಇಳಿಯಿತು, ನಿಯಮದಂತೆ ಕುನೂತ್ ನಿಂತಿತು. ಆ ಪ್ರಶ್ನೆ ಮಾತ್ರ ಇಂದಿಗೂ ನಿಂತಿಲ್ಲವಂತೆ.

ಸೊಸೆ ಇಷ್ಟು ಹೇಳುವಷ್ಟರಲ್ಲಿ ಕೆಳಗಿನ ಮೆಟ್ಟಿಲಲ್ಲಿ ಕುಳಿತು ಕಥೆ ಕೇಳುತ್ತಿದ್ದ ಹೆಂಗಸೊಬ್ಬರು ಥಟ್ಟನೆ ಎದ್ದರು. "ಹಾಲಿಟ್ಟು ಬಂದಿದ್ದೆ" ಎಂದು ಅವರು ಓಡಿದ ಮೇಲೆ, ಉಳಿದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಮ್ಮ ತಮ್ಮ ಒಲೆಯ ಕಡೆಗೆ ಬಿರಬಿರನೆ ಹೊರಟುಹೋದರು.