ಹೂವಿನ ಅಪ್ಪಣೆ

ಸೊಸೆಯ ಕಣ್ಣಿನ ಒಳಪರದೆಗೆ ಉರಿಯೂತ ಹತ್ತಿ, ರಕ್ತನಾಳಗಳೆಲ್ಲ ಹಿಮ ಕೂತ ರೆಂಬೆಗಳಂತೆ ಬೆಳ್ಳಗಾಗಿದ್ದವು. ಅಪರೂಪದ ಕಾಯಿಲೆ, ಇವತ್ತೇ ಆಸ್ಪತ್ರೆಗೆ ಸೇರಿಸದಿದ್ದರೆ ದೃಷ್ಟಿ ಉಳಿಯದು ಎಂದಿದ್ದರು ಡಾಕ್ಟರು.

“ಹೂ ಕೇಳ್ದೆ ನಮ್ಮನೇಲಿ ಯಾವ ಕೆಲ್ಸಕ್ಕೂ ಕೈ ಹಾಕಲ್ಲ,” ಎಂದು ಅತ್ತೆ ನಿಂಗಾಜಮ್ಮ ಅವಳನ್ನು ಗುಡಿಗೆ ಕರೆತಂದರು. ಹೂ ದೇವಿಯ ಬಲಕ್ಕೆ ಬಿದ್ದರೆ ಆಸ್ಪತ್ರೆ, ಎಡಕ್ಕೆ ಬಿದ್ದರೆ ಗುಡಿಯ ತೀರ್ಥವೇ ಮದ್ದು.

“ಎಡಕ್ಕೆ ಬಿದ್ರೆ ನಾನು ಕುರುಡಿಯಾಗ್ಬೇಕಾ ಅತ್ತೆ?”

“ಬಾಯ್ಮುಚ್ಚು. ಅಮ್ಮ ಕೇಳಿಸ್ಕೋತಾಳೆ.”

ಪೂಜಾರಿ ದೇವಿಯ ಎರಡೂ ಭುಜಕ್ಕೆ ಹೂವಿಟ್ಟು ಗಂಟೆ ಬಾರಿಸಿದ. ಎಷ್ಟೋ ಹೊತ್ತಿಗೆ ಒಂದು ಹೂ ಜಾರಿತು.

“ಎತ್ಲಾಗೆ ಬಿತ್ತತ್ತೆ? ನಂಗೆ ಬರೀ ಮಂಜು.”

ಎಡಗಡೆ ಬಿದ್ದಿದ್ದ ಹೂ ಎತ್ತಿಕೊಟ್ಟು ಪೂಜಾರಿ ಬಾಯಿ ತೆರೆಯುವಷ್ಟರಲ್ಲಿ, ನಿಂಗಾಜಮ್ಮ ಗಲ್ಲ ಬಡಿದುಕೊಂಡು ಅದನ್ನು ಸೊಸೆಯ ಮುಡಿಗೆ ಸಿಕ್ಕಿಸಿದರು.

“ಬಲಕ್ಕೆ ಕಣವ್ವ. ಏಳು, ಬಸ್ಸು ಬರೋ ಹೊತ್ತಾಯ್ತು.”