ಬಂಡೆಯ ಮೇಲಿನ ದೀಪ

ದೀಪಸ್ತಂಭದ ದೀಪ ಬೆಳಗಿನವರೆಗೆ ಉರಿಯಲು ಎರಡು ಡಬ್ಬಿ ಎಣ್ಣೆ ಬೇಕಿತ್ತು. ಯುದ್ಧ ಶುರುವಾದ ಮೇಲೆ, ಶತ್ರುಗಳಿಗೆ ದಡ ಕಾಣಬಾರದೆಂದು ಅದನ್ನು ಆರಿಸಿಡುವ ಆಜ್ಞೆ ಬಂತು. ಎಣ್ಣೆ ಉಳಿಯಿತು. ಆ ಮಳೆಗಾಲದಲ್ಲಿ ಮೂರು ಯುದ್ಧನೌಕೆಗಳು ಕತ್ತಲಲ್ಲಿ ಬಂಡೆಗೆ ಬಡಿದು ಮುಳುಗಿದವು. ಮೂರೂ ನಮ್ಮವೇ.

ಒಂದು ಸಂಜೆ ಬಿರುಗಾಳಿಯ ನಡುವೆ ಮತ್ತೊಂದು ಹಡಗಿನ ಕೂಗು ಕೇಳಿತು.

"ಕೇಳ್ತದಾ ನಿಮಗೆ? ಬಂಡೆ ಕಡೆಗೇ ಬರ್ತಾ ಉಂಟು. ದೀಪ ಹಚ್ಚಿ," ಎಂದಳು ದೀಪಸ್ತಂಭದ ಕಾವಲುಗಾರನ ಹೆಂಡತಿ.

"ಹಚ್ಚಿದ್ರೆ ಕೆಲಸ ಹೋಗ್ತದೆ. ಅದು ಶತ್ರುಗಳದ್ದಾದ್ರೆ ತಲೆಯೂ ಹೋಗ್ತದೆ."

"ಮೊನ್ನೆ ದಡಕ್ಕೆ ಬಂದ ಹೆಣಗಳನ್ನು ಎಳೆದು ಹಾಕಿದ್ದು ನಾವೇ ಅಲ್ವಾ? ಇನ್ನೊಂದು ಸಲ ನನ್ನಿಂದ ಆಗುದಿಲ್ಲ ಮಾರಾಯ್ರೆ."

ಅವನು ಹಚ್ಚಿದ. ಹಡಗು ಬಂಡೆಯ ಪಕ್ಕದಿಂದಲೇ ತಿರುಗಿ, ಅಳಿವೆಯೊಳಗೆ ಬಂದು ನಿಂತಿತು.

ಬೆಳಿಗ್ಗೆ ಅದರ ಕ್ಯಾಪ್ಟನ್ ಮೆಟ್ಟಿಲು ಹತ್ತಿ ಬಂದ. ನಮ್ಮವನೇ. ಅವಳು ಕೊಟ್ಟ ಚಹಾ ಕುಡಿಯುತ್ತ, "ನಿಮ್ಮ ದೀಪ ಇಲ್ಲದಿದ್ರೆ ನಾವ್ಯಾರೂ ಉಳೀತಿರಲಿಲ್ಲ," ಎಂದ.

"ಇಂಥ ಗಾಳಿಯಲ್ಲಿ ದಡಕ್ಕೆ ಇಷ್ಟು ಹತ್ತಿರ ಎಂತಕ್ಕೆ ಬಂದದ್ದು ಸಾರ್?" ಎಂದು ಕಾವಲುಗಾರ ಕೇಳಿದ.

"ಸರ್ಕಾರ ಕಳಿಸಿತ್ತು. ಆಜ್ಞೆ ಮೀರಿ ಯಾರಾದ್ರೂ ದೀಪ ಹಚ್ತಾರಾ ಅಂತ ನೋಡೋದಕ್ಕೆ."

"ಯಾರಾದ್ರೂ ಸಿಕ್ಕಿದ್ರಾ?" ಎಂದಳು ಹೆಂಡತಿ.

ಕ್ಯಾಪ್ಟನ್ ಲೋಟ ಕೆಳಗಿಟ್ಟ. "ಒಬ್ಬರು ಸಿಕ್ಕಿದ್ರು, ಅಮ್ಮ."

ಹಡಗಿನವರೆಲ್ಲ ಉಳಿದರು. ಕಾವಲುಗಾರನ ಕೆಲಸ ಹೋಯಿತು.